ಸಿಬಿಲ್‌ನಲ್ಲಿ ಇಲ್ಲದ ಬಾಕಿ ತೋರಿಸ್ತಿದೆಯಾ? ತಿದ್ದಿಸೋದು ಹೀಗೆ

"ಸಾಲ ತೀರಿಸಿ ಎರಡು ವರ್ಷ ಆಯ್ತು. ಈಗ ಮನೆ ಸಾಲಕ್ಕೆ ಹೋದರೆ ಸಿಬಿಲ್‌ನಲ್ಲಿ ಬಾಕಿ ಇದೆ ಅಂತ ವಾಪಸ್ ಕಳಿಸಿದ್ರು. ಬ್ಯಾಂಕಿನವರು ಸಿಬಿಲ್‌ನವರನ್ನ ಕೇಳಿ ಅಂತಾರೆ, ಸಿಬಿಲ್‌ನವರು ಬ್ಯಾಂಕನ್ನ ಕೇಳಿ ಅಂತಾರೆ. ಏನ್ ಮಾಡೋದು?"

ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಕೆಲವರದ್ದು ಕಟ್ಟಿ ಮುಗಿಸಿದ ಸಾಲ. ಕೆಲವರದ್ದು ತೆಗೆದುಕೊಳ್ಳದೇ ಇದ್ದ ಸಾಲ. ಇನ್ನು ಕೆಲವರದ್ದು ಭಾವನಿಗೆ ಜಾಮೀನು ಹಾಕಿದ್ದ ಸಾಲ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಇಬ್ಬರೂ ಒಬ್ಬರ ಕಡೆ ಒಬ್ಬರು ಬೊಟ್ಟು ಮಾಡುವುದಕ್ಕೆ ಕಾರಣ ಇದೆ. ಸಿಬಿಲ್, ಅಂದರೆ ಯಾರು ಎಷ್ಟು ಸಾಲ ಪಡೆದು ಹೇಗೆ ತೀರಿಸಿದ್ದಾರೆ ಅನ್ನುವ ರಿಪೋರ್ಟ್ ಇಟ್ಟುಕೊಂಡಿರುವ ಕಂಪನಿ, ನಿಮ್ಮ ಸಾಲದ ಅಂಕಿಯನ್ನು ತಾನಾಗಿ ಬದಲಿಸುವಂತಿಲ್ಲ. ಸಾಲ ಕೊಟ್ಟವರು ‘ಹೌದು, ತಿದ್ದುಪಡಿ ಸರಿ’ ಅಂತ ದೃಢಪಡಿಸಿದ ಮೇಲೇ ಬದಲಿಸಬೇಕು ಅಂತ ಕಾನೂನಿನಲ್ಲೇ ಇದೆ. ಹಾಗಾಗಿ ಒಬ್ಬರಿಗೆ ದೂರು ಕೊಟ್ಟು ಇನ್ನೊಬ್ಬರ ದಾರಿ ಕಾಯುತ್ತಾ ಕೂತರೆ ತಿಂಗಳುಗಟ್ಟಲೆ ಅಲೆದಾಟ. ಇಬ್ಬರಿಗೂ ಒಂದೇ ದಿನ ದೂರು ಕೊಡಿ, ಅದೂ ಬರವಣಿಗೆಯಲ್ಲಿ. ಅರ್ಧ ಕೆಲಸ ಇಷ್ಟರಲ್ಲೇ ಇದೆ.

ಶುರು ಮಾಡುವ ಮೊದಲು

‘ಸಿಬಿಲ್’ ಅನ್ನೋದು ಒಂದು ಕಂಪನಿಯ ಹೆಸರು. ಫೋಟೋಕಾಪಿಗೆ ಝೆರಾಕ್ಸ್ ಅಂದ ಹಾಗೆ ನಾವು ಎಲ್ಲದಕ್ಕೂ ಸಿಬಿಲ್ ಅಂತೀವಿ. ನಮ್ಮ ದೇಶದಲ್ಲಿ ಇಂಥ ಸಾಲ ಮಾಹಿತಿ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ನಾಲ್ಕೂ ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿವೆ. ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು ನಾಲ್ಕಕ್ಕೂ ಸದಸ್ಯರಾಗಿರಬೇಕು, ನಾಲ್ಕಕ್ಕೂ ನಿಮ್ಮ ಮಾಹಿತಿ ಕಳಿಸಬೇಕು. ಅಂದರೆ ತಪ್ಪು ಹೋಗಿದ್ದರೆ ಬಹುಶಃ ನಾಲ್ಕು ಕಡೆಗೂ ಹೋಗಿರುತ್ತದೆ.

ಇದಕ್ಕೆಲ್ಲ ಆಧಾರ ಸಾಲ ಮಾಹಿತಿ ಕಂಪನಿಗಳ ನಿಯಂತ್ರಣ ಕಾಯ್ದೆ, 2005. ಅದರ 21ನೇ ಸೆಕ್ಷನ್ ನಿಮ್ಮ ರಿಪೋರ್ಟ್ ನೋಡುವ ಹಕ್ಕನ್ನೂ ತಪ್ಪಿದ್ದರೆ ತಿದ್ದಿಸುವ ಹಕ್ಕನ್ನೂ ಕೊಡುತ್ತದೆ. ತಿದ್ದುಪಡಿ ಕೇಳಿದ ಮೇಲೆ 30 ದಿನದ ಗಡುವು ಇರುವುದೂ ಅಲ್ಲೇ. ನೀವು ಯಾರ ಹತ್ತಿರವೂ ಉಪಕಾರ ಕೇಳುತ್ತಿಲ್ಲ. ಕೌಂಟರಿನಲ್ಲಿ ಗೊಣಗಿದರೆ ಇದನ್ನು ನೆನಪಿಸಿಕೊಳ್ಳಿ.

ಹಂತ 1: ನಾಲ್ಕೂ ರಿಪೋರ್ಟ್ ತೆಗೆಯಿರಿ

ಪ್ರತಿ ಕಂಪನಿಯೂ ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟನ್ನು, ಸ್ಕೋರ್ (ಸಾಲ ತೀರಿಸುವ ನಿಮ್ಮ ನಡತೆಗೆ ಕೊಡುವ ಅಂಕ) ಸಮೇತ, ಪುಕ್ಕಟೆ ಕೊಡಲೇಬೇಕು. 2017ರ ಜನವರಿಯಿಂದ ಈ ನಿಯಮ ಇದೆ. ಪ್ಯಾನ್, ಹುಟ್ಟಿದ ತಾರೀಖು, ಮೊಬೈಲ್, ಇಮೇಲ್ ಇದ್ದರೆ ಅವರ ವೆಬ್‌ಸೈಟಿನಲ್ಲೇ ಒಟಿಪಿ ಹಾಕಿ ತೆಗೆಯಬಹುದು.

ಜನ ಎಡವುವುದು ಎಲ್ಲಿ ಅಂದರೆ, ವೆಬ್‌ಸೈಟಿನಲ್ಲಿ ತಿಂಗಳ ಪ್ಲಾನು, ವರ್ಷದ ಪ್ಲಾನು ದೊಡ್ಡ ಬಟನ್‌ನಲ್ಲಿ ಕಾಣುತ್ತದೆ, ಪುಕ್ಕಟೆ ರಿಪೋರ್ಟಿನ ಕೊಂಡಿ ಸಣ್ಣ ಅಕ್ಷರದಲ್ಲಿ ಮೂಲೆಯಲ್ಲಿರುತ್ತದೆ. ಅದನ್ನು ಹುಡುಕಿ. ದುಡ್ಡು ಕೇಳುವ ಪುಟ ಬಂದರೆ ದಾರಿ ತಪ್ಪಿದ್ದೀರಿ ಅಂತ ಅರ್ಥ.

‘ಪದೇಪದೇ ನೋಡಿದರೆ ಸ್ಕೋರ್ ಬೀಳುತ್ತಂತೆ’ ಅನ್ನೋದು ಇನ್ನೊಂದು ಭಯ. ನಿಮ್ಮ ರಿಪೋರ್ಟನ್ನು ನೀವೇ ನೋಡಿದರೆ ಏನೂ ಆಗುವುದಿಲ್ಲ. ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕ್ ನೋಡುತ್ತದಲ್ಲ, ಅದು ಲೆಕ್ಕಕ್ಕೆ ಬರುತ್ತದೆ. ಒಂದೇ ತಿಂಗಳಲ್ಲಿ ಹತ್ತು ಕಡೆ ಅರ್ಜಿ ಗುಜರಾಯಿಸಬೇಡಿ.

ನಿಮ್ಮ ಸಾಲದ ಅರ್ಜಿ ಈಗಾಗಲೇ ತಿರಸ್ಕಾರ ಆಗಿದ್ದರೆ, ರಿಪೋರ್ಟ್ ನೋಡಿ ನಿರಾಕರಿಸಿದ ಬ್ಯಾಂಕ್ 30 ದಿನದೊಳಗೆ ಕಾರಣವನ್ನು ಬರೆದು, ರಿಪೋರ್ಟಿನ ಪ್ರತಿಯ ಜೊತೆ ಕೊಡಬೇಕು. ಹೆಚ್ಚಿನವರು ಬಾಯಿಮಾತಿನಲ್ಲಿ ‘ಸಿಬಿಲ್ ಸರಿ ಇಲ್ಲ’ ಅಂದು ಸುಮ್ಮನಾಗುತ್ತಾರೆ. ಕೇಳಿ ಪಡೆಯಿರಿ.

ಹಂತ 2: ರಿಪೋರ್ಟ್ ಓದಿ

ಪುಟಗಳು ಎಷ್ಟೇ ಇರಲಿ, ನೋಡಬೇಕಾದ ಜಾಗ ನಾಲ್ಕೇ. ಮೊದಲನೆಯದು ವೈಯಕ್ತಿಕ ವಿವರ. ನೀವು ಯಾವತ್ತೂ ಇರದ ಊರಿನ ವಿಳಾಸ, ನಿಮ್ಮದಲ್ಲದ ಫೋನ್ ನಂಬರ್ ಅಲ್ಲಿದ್ದರೆ ಎಚ್ಚರ ಆಗಿ. ಒಂದೇ ಹೆಸರಿನ ಇನ್ನೊಬ್ಬರ ಸಾಲ ನಿಮ್ಮ ಕಡತಕ್ಕೆ ಸೇರಿರಬಹುದು, ಇಲ್ಲವೇ ನಿಮ್ಮ ಪ್ಯಾನ್ ಇಟ್ಟುಕೊಂಡು ಯಾರೋ ಅರ್ಜಿ ಹಾಕಿರಬಹುದು.

ಎರಡನೆಯದು ‘ಎನ್‌ಕ್ವೈರಿ’ ಪಟ್ಟಿ, ಅಂದರೆ ಯಾವ ಬ್ಯಾಂಕ್ ಯಾವತ್ತು ನಿಮ್ಮ ರಿಪೋರ್ಟ್ ತೆಗೆದು ನೋಡಿತು ಅನ್ನೋದು. ನೀವು ಅರ್ಜಿಯೇ ಹಾಕದ ಕಂಪನಿ ಅಲ್ಲಿದ್ದರೆ ಗುರುತು ಹಾಕಿ. ಈಗ ಯಾರಾದರೂ ನಿಮ್ಮ ರಿಪೋರ್ಟ್ ನೋಡಿದಾಗ ಎಸ್ಸೆಮ್ಮೆಸ್ ಅಥವಾ ಇಮೇಲ್ ಬರಬೇಕು ಅಂತಲೂ ನಿಯಮ ಇದೆ. ಅಂಥ ಮೆಸೇಜನ್ನು ಜಾಹೀರಾತು ಅಂತ ಅಳಿಸಬೇಡಿ.

ಮೂರನೆಯದು ಪ್ರತಿ ಸಾಲದ ಸ್ಥಿತಿ. ಇಲ್ಲಿ ಬರುವ ಪದಗಳ ಅರ್ಥ ಗೊತ್ತಿರಬೇಕು. ‘ಕ್ಲೋಸ್ಡ್’ ಅಂದರೆ ಪೂರ್ತಿ ತೀರಿತು. ‘ಸೆಟಲ್ಡ್’ ಅಂದರೆ ಪೂರ್ತಿ ಕೊಡಲಿಲ್ಲ, ಕಡಿಮೆ ಮೊತ್ತಕ್ಕೆ ರಾಜಿ ಆಯಿತು. ‘ರಿಟನ್ ಆಫ್’ ಅಂದರೆ ಬರುವ ಆಸೆ ಇಲ್ಲ ಅಂತ ಬ್ಯಾಂಕ್ ತನ್ನ ಲೆಕ್ಕದಲ್ಲಿ ಬರೆದುಕೊಂಡಿದೆ. ಇದನ್ನು ಸಾಲ ಮನ್ನಾ ಅಂದುಕೊಳ್ಳುವವರು ಜಾಸ್ತಿ. ಮನ್ನಾ ಅಲ್ಲ. ಸಾಲ ಹಾಗೇ ಇರುತ್ತದೆ, ವಸೂಲಿಯೂ ಮುಂದುವರಿಯಬಹುದು.

ನಾಲ್ಕನೆಯದು ‘ಡಿಪಿಡಿ’. ಕಟ್ಟಬೇಕಾದ ದಿನ ಕಳೆದು ಎಷ್ಟು ದಿನ ಆಯಿತು ಅನ್ನುವ ಲೆಕ್ಕ ಇದು. ತಿಂಗಳಿಗೊಂದು ಚೌಕ, 36 ತಿಂಗಳದ್ದು. 000 ಇದ್ದರೆ ತಡ ಇಲ್ಲ. 90 ದಿನ ದಾಟಿದರೆ ಬ್ಯಾಂಕ್ ಅದನ್ನು ಎನ್‌ಪಿಎ, ಅಂದರೆ ಕೆಟ್ಟ ಸಾಲ, ಅಂತ ಪರಿಗಣಿಸುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಒಬ್ಬರು ಕ್ರೆಡಿಟ್ ಕಾರ್ಡ್ ಬೇಡ ಅಂತ ಕತ್ತರಿಸಿ ಬಿಸಾಡಿದ್ದಾರೆ. ಕೊನೆಯ ಬಿಲ್ ಕಟ್ಟಿದ್ದಾರೆ. ಅವರ ಪ್ರಕಾರ ಕತೆ ಮುಗಿಯಿತು. ಆದರೆ ಕ್ಲೋಸ್ ಮಾಡಿ ಅಂತ ಬರೆದುಕೊಟ್ಟಿಲ್ಲ. ಡಿಸೆಂಬರಿನಲ್ಲಿ ವಾರ್ಷಿಕ ಶುಲ್ಕ ಬಿತ್ತು: 500 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ 90, ಒಟ್ಟು 590. ಕಟ್ಟಲು ಕೊನೆ ದಿನ ಜನವರಿ 3. ಬಿಲ್ ಹೋದದ್ದು ಬಳಸದೇ ಬಿಟ್ಟ ಇಮೇಲಿಗೆ. ರಿಪೋರ್ಟಿನಲ್ಲಿ ಡಿಪಿಡಿ ಹೀಗೆ ಏರುತ್ತದೆ: ಜನವರಿ ಕೊನೆಗೆ 028, ಫೆಬ್ರುವರಿಗೆ 056, ಮಾರ್ಚಿಗೆ 087, ಏಪ್ರಿಲ್‌ಗೆ 117. ನಾಲ್ಕನೇ ಚೌಕಕ್ಕೆ ಬರುವಷ್ಟರಲ್ಲಿ ಗಡಿ ದಾಟಿತು. ಮೇಲೆ ಲೇಟ್ ಫೀ, ಬಡ್ಡಿ. ಮನೆ ಸಾಲ ಕೊಡುವವರ ಕಣ್ಣಿಗೆ 590 ಕಾಣುವುದಿಲ್ಲ, 117 ಕಾಣುತ್ತದೆ.

ಬಾಕಿ ಮೊತ್ತ 590, 1,180 ಇಂಥ ಅಂಕಿಯಾಗಿದ್ದರೆ ಅದನ್ನು 1.18ರಿಂದ ಭಾಗಿಸಿ ನೋಡಿ. ದುಂಡಗಿನ ಮೊತ್ತ ಬಂದರೆ ಅದು ಬಹುಮಟ್ಟಿಗೆ ಯಾವುದೋ ಶುಲ್ಕ, ನೀವು ಖರ್ಚು ಮಾಡಿದ ಹಣ ಅಲ್ಲ. ದೂರು ಬರೆಯುವಾಗ ಈ ಲೆಕ್ಕ ಕೆಲಸಕ್ಕೆ ಬರುತ್ತದೆ.

ಕಾರ್ಡಿನ ವಿಷಯದಲ್ಲಿ ಇನ್ನೂ ಕೆಲವು ನಿಯಮಗಳು ನಿಮ್ಮ ಪರವಾಗಿವೆ. ಡಿಫಾಲ್ಟರ್ ಅಂತ ವರದಿ ಮಾಡುವ ಮೊದಲು ಕಾರ್ಡ್ ಕಂಪನಿ ನಿಮಗೆ 7 ದಿನದ ನೋಟಿಸ್ ಕೊಡಬೇಕು. ನೀವು ಆಕ್ಟಿವೇಟ್ ಮಾಡದ ಹೊಸ ಕಾರ್ಡಿನ ಮಾಹಿತಿಯನ್ನು ಕಳಿಸುವಂತೆಯೇ ಇಲ್ಲ. ಕ್ಲೋಸ್ ಮಾಡಿ ಅಂತ ಕೇಳಿದರೆ, ಬಾಕಿ ಇಲ್ಲದಿದ್ದಲ್ಲಿ, 7 ಕೆಲಸದ ದಿನದೊಳಗೆ ಮಾಡಬೇಕು. ತಪ್ಪಿದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು.

ಹಂತ 3: ಇದು ನಿಜಕ್ಕೂ ತಪ್ಪೇ?

ಮನಸ್ಸಿಗೆ ನೋವಾದದ್ದೆಲ್ಲ ತಪ್ಪು ಮಾಹಿತಿ ಅಲ್ಲ. ಇಲ್ಲಿ ಪ್ರಾಮಾಣಿಕವಾಗಿ ಯೋಚಿಸಿದರೆ ಎಷ್ಟೋ ಓಡಾಟ ಉಳಿಯುತ್ತದೆ.

ಜಾಮೀನು ಹಾಕಿದ ಸಾಲ ನಿಮ್ಮ ರಿಪೋರ್ಟಿನಲ್ಲಿ ಬರುವುದು ಸರಿಯೇ. ಕಾನೂನಿನ ಪ್ರಕಾರ ಸಾಲಗಾರನಷ್ಟೇ ಹೊಣೆ ಜಾಮೀನುದಾರನಿಗೂ ಇರುತ್ತದೆ. ‘ನಾನು ಸುಮ್ನೆ ಸಹಿ ಹಾಕಿದ್ದು’ ಅಂದರೆ ಯಾರೂ ಕೇಳುವುದಿಲ್ಲ. ‘ಸೆಟಲ್ಡ್’ ಅಂತ ಇದ್ದು, ನೀವು ರಾಜಿಗೆ ಒಪ್ಪಿದ್ದೇ ನಿಜವಾದರೆ ಅದೂ ತಪ್ಪಲ್ಲ. ಬ್ಯಾಂಕ್ ಒಪ್ಪಿದರೆ ಬಿಟ್ಟುಕೊಟ್ಟಿದ್ದ ಮೊತ್ತವನ್ನೂ ಕಟ್ಟಿ ‘ಕ್ಲೋಸ್ಡ್’ ಅಂತ ಬದಲಿಸಿಕೊಳ್ಳಬಹುದು. ನಿಜವಾಗಿ ತಡ ಮಾಡಿ ಕಟ್ಟಿದ ಕಂತನ್ನು ಅಳಿಸಲು ಆಗುವುದಿಲ್ಲ. ಸಾಲ ಮಾಹಿತಿ ಕಂಪನಿಗಳು ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕು.

‘ಇಷ್ಟು ಸಾವಿರ ಕೊಡಿ, ಸಿಬಿಲ್ ಕ್ಲೀನ್ ಮಾಡಿಕೊಡ್ತೀವಿ’ ಅನ್ನುವವರು ಬಸ್‌ಸ್ಟ್ಯಾಂಡಿನ ಗೋಡೆಯಿಂದ ವಾಟ್ಸ್ಆ್ಯಪ್‌ವರೆಗೆ ಎಲ್ಲೆಲ್ಲೂ ಇದ್ದಾರೆ. ನಿಮ್ಮ ಕೈಲಿ ಆಗದ್ದು ಅವರ ಕೈಲೂ ಆಗುವುದಿಲ್ಲ. ಅವರೂ ಹಾಕುವುದು ಇದೇ ದೂರನ್ನು. ಅವರಿಗೆ ಒಟಿಪಿ ಕೊಟ್ಟರೆ ಹೊಸ ತಲೆನೋವು ಶುರು.

ತಪ್ಪು ಅಂತ ನಿಜವಾಗಿ ಹೇಳಬಹುದಾದದ್ದು ಇವು: ತೀರಿದ ಸಾಲ ಇನ್ನೂ ಬಾಕಿ ಅಂತ ಇರುವುದು, ಮೊತ್ತ ಅಥವಾ ತಾರೀಖು ತಪ್ಪಿರುವುದು, ಸಮಯಕ್ಕೆ ಕಟ್ಟಿದ ಕಂತಿಗೆ ಡಿಪಿಡಿ ಬಿದ್ದಿರುವುದು, ಒಂದೇ ಸಾಲ ಎರಡು ಸಲ ಬಂದಿರುವುದು, ಬೇರೆಯವರ ಸಾಲ ಸೇರಿರುವುದು, ಮತ್ತು ನಿಮ್ಮ ಹೆಸರಿನಲ್ಲಿ ಮೋಸದಿಂದ ಎತ್ತಿದ ಸಾಲ.

ಕೊನೆಯದಾದರೆ ಮೊದಲ ಕೆಲಸ ಬೇರೆ. 1930ಕ್ಕೆ ಫೋನ್ ಮಾಡಿ, ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಸಿಕ್ಕ ನಂಬರನ್ನು ಮುಂದಿನ ಎಲ್ಲ ಪತ್ರಗಳಲ್ಲೂ ಬರೆಯಿರಿ. ಸಾಲ ಕೊಟ್ಟ ಕಂಪನಿಗೆ ಮೂರು ವಿಷಯ ಕೇಳಿ: ಅರ್ಜಿಯ ಪ್ರತಿ, ಅದರ ಜೊತೆ ಕೊಟ್ಟ ಕೆವೈಸಿ (ಗುರುತು, ವಿಳಾಸದ) ದಾಖಲೆ, ಹಣ ಜಮಾ ಆದ ಬ್ಯಾಂಕ್ ಖಾತೆಯ ವಿವರ. ಮೂರನೆಯದರಲ್ಲೇ ಗುಟ್ಟು ಇರುತ್ತದೆ. ಡಿಜಿಟಲ್ ಸಾಲದ ಹಣ, ಕೆಲವು ಅಪವಾದ ಬಿಟ್ಟರೆ, ಸಾಲಗಾರನ ಸ್ವಂತ ಖಾತೆಗೇ ಹೋಗಬೇಕು. ಅದು ನಿಮ್ಮ ಖಾತೆ ಅಲ್ಲ ಅಂದಮೇಲೆ ಜವಾಬು ಕೊಡಬೇಕಾದವರು ಅವರು.

ಹಂತ 4: ಕಾಗದ ಜೋಡಿಸಿ

ಸಾಲದ ಖಾತೆಯ ಪೂರ್ತಿ ಸ್ಟೇಟ್‌ಮೆಂಟ್, ಎನ್‌ಒಸಿ ಅಂದರೆ ‘ಬಾಕಿ ಇಲ್ಲ’ ಅನ್ನುವ ಪತ್ರ, ಕಟ್ಟಿದ ದಿನದ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್, ಯುಪಿಐ ಆಗಿದ್ದರೆ ಯುಟಿಆರ್ ನಂಬರ್ (ಆ ಹಣ ವರ್ಗಾವಣೆಯ ಗುರುತಿನ ಸಂಖ್ಯೆ) ಇರುವ ರಸೀದಿ. ಗೂಗಲ್ ಪೇ ಪರದೆಯ ಫೋಟೋ ಒಂದೇ ಸಾಲದು, ಬ್ಯಾಂಕ್ ಸ್ಟೇಟ್‌ಮೆಂಟ್ ಗಟ್ಟಿ ಸಾಕ್ಷಿ.

ಎನ್‌ಒಸಿ ಕಳೆದುಹೋಗಿದ್ದರೆ ಮತ್ತೊಂದು ಪ್ರತಿ ಕೇಳಿ. ಜೊತೆಗೆ ಇದನ್ನೂ ಹೇಳಿಬಿಡುತ್ತೇನೆ: ಮನೆ, ಜಾಗ ಅಡವಿಟ್ಟ ಸಾಲ ತೀರಿಸಿದ್ದರೆ ಮೂಲ ಪತ್ರಗಳನ್ನು 30 ದಿನದೊಳಗೆ ವಾಪಸ್ ಕೊಡಬೇಕು. ಬ್ಯಾಂಕಿನ ಕಡೆಯಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್ 1ರಿಂದ ಈಚೆಗೆ ಪತ್ರ ಬಿಡುಗಡೆ ಆಗಬೇಕಿದ್ದ ಸಾಲಗಳಿಗೆ ಇದು ಅನ್ವಯ.

ಹಂತ 5: ಒಂದೇ ದಿನ, ಇಬ್ಬರಿಗೂ

ಸಾಲ ಮಾಹಿತಿ ಕಂಪನಿಯ ವೆಬ್‌ಸೈಟಿನಲ್ಲಿ ಲಾಗಿನ್ ಆಗಿ ‘ಡಿಸ್ಪ್ಯೂಟ್’ ವಿಭಾಗದಲ್ಲಿ ದೂರು ಹಾಕಿ. ರಿಪೋರ್ಟಿನ ಮೇಲಿರುವ ಕಂಟ್ರೋಲ್ ನಂಬರ್ ಬೇಕಾಗುತ್ತದೆ. ತಪ್ಪು ನಾಲ್ಕು ಕಡೆ ಇದ್ದರೆ ನಾಲ್ಕು ಕಡೆಯೂ ಹಾಕಿ. ಇದಕ್ಕೆ ಶುಲ್ಕ ಇಲ್ಲ.

ಅದೇ ದಿನ ಸಾಲ ಕೊಟ್ಟವರಿಗೂ ಬರೆಯಿರಿ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ದು ದೂರು ಅನಿಸಿಕೊಳ್ಳಲಿಕ್ಕಿಲ್ಲ. ಅವರ ವೆಬ್‌ಸೈಟಿನಲ್ಲಿ ‘ಗ್ರೀವೆನ್ಸ್’, ಅಂದರೆ ದೂರು ನೋಡುವ, ಅಧಿಕಾರಿಯ ಇಮೇಲ್ ಇರುತ್ತದೆ, ಅದಕ್ಕೆ ಕಳಿಸಿ ದೂರಿನ ನಂಬರ್ ಪಡೆಯಿರಿ. ಶಾಖೆಗೆ ಹೋದರೆ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. ಹಾಕಿಕೊಡಲ್ಲ ಅಂದರೆ ಜಗಳ ಬೇಡ, ಹೊರಗೆ ಬಂದು ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಪತ್ರ ಉದ್ದ ಬೇಡ. ಹೀಗಿದ್ದರೆ ಸಾಕು:

"ವಿಷಯ: ಸಾಲ ಖಾತೆ ಸಂಖ್ಯೆ ____ ಕುರಿತು ಸಾಲ ಮಾಹಿತಿ ಕಂಪನಿಗಳಿಗೆ ತಪ್ಪು ಮಾಹಿತಿ ಕಳಿಸಿರುವ ಬಗ್ಗೆ ದೂರು.

ಮಾನ್ಯರೇ, ಮೇಲಿನ ಸಾಲವನ್ನು ನಾನು ದಿನಾಂಕ ____ ರಂದು ಪೂರ್ತಿ ತೀರಿಸಿದ್ದೇನೆ. ನಿಮ್ಮ ‘ಬಾಕಿ ಇಲ್ಲ’ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿದೆ. ಆದರೆ ದಿನಾಂಕ ____ ರ ರಿಪೋರ್ಟಿನಲ್ಲಿ (ಕಂಟ್ರೋಲ್ ನಂಬರ್ ____) ರೂ. ____ ಬಾಕಿ, ಡಿಪಿಡಿ ____ ಎಂದು ತೋರಿಸುತ್ತಿದೆ. ಇದು ತಪ್ಪು. 2005ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ನಾಲ್ಕೂ ಸಾಲ ಮಾಹಿತಿ ಕಂಪನಿಗಳಿಗೆ ಸರಿಯಾದ ಮಾಹಿತಿ ಕಳಿಸಿ, ನನಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ನನ್ನ ಮನವಿ ಒಪ್ಪದಿದ್ದರೆ ಕಾರಣವನ್ನೂ ಲಿಖಿತವಾಗಿ ಕೊಡಿ. ಪರಿಹಾರದ ಹಣಕ್ಕಾಗಿ ನನ್ನ ಬ್ಯಾಂಕ್ ಖಾತೆ ವಿವರ: ____."

‘ಕಳೆದ ಒಂದು ವರ್ಷದಿಂದ ನನಗೆ ಆಗಿರುವ ಮಾನಸಿಕ ಹಿಂಸೆ’ ಅಂತ ಎರಡು ಪುಟ ಬರೆಯುವ ಆಸೆ ಬರುತ್ತದೆ. ಬೇಡ. ಓದುವವನಿಗೆ ಬೇಕಾದ್ದು ಖಾತೆ ನಂಬರ್, ತಾರೀಖು, ಎಲ್ಲಿ ತಪ್ಪು, ಏನಾಗಬೇಕು, ಇಷ್ಟೇ. ಒಂದು ಪತ್ರದಲ್ಲಿ ಒಂದೇ ಖಾತೆಯ ವಿಷಯ ಇರಲಿ.

ಹಂತ 6: ದಿನ ಎಣಿಸಿ

ದೂರು ಕೊಟ್ಟ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ಸಾಲ ಕೊಟ್ಟವರಿಗೆ ವಿಷಯ ತಿಳಿದ ಮೇಲೆ 21 ದಿನದೊಳಗೆ ಸರಿ ಮಾಹಿತಿ ಕಳಿಸಬೇಕು. ಒಟ್ಟಾರೆ ದೂರು 30 ದಿನದೊಳಗೆ ಬಗೆಹರಿಯಬೇಕು. ಇವು ಕ್ಯಾಲೆಂಡರ್ ದಿನಗಳು, ಭಾನುವಾರ, ಹಬ್ಬ ಎಲ್ಲ ಸೇರಿ.

ಮೂವತ್ತು ದಾಟಿದರೆ ಮುಂದಿನ ಪ್ರತಿ ದಿನಕ್ಕೆ 100 ರೂಪಾಯಿ ನಿಮಗೆ ಬರಬೇಕು. ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಈ ಆದೇಶ ಹೊರಡಿಸಿತು, 2024ರ ಏಪ್ರಿಲ್ ಕೊನೆಯಿಂದ ಜಾರಿಯಲ್ಲಿದೆ. ನಿಮ್ಮ ದೂರು 45ನೇ ದಿನ ಬಗೆಹರಿದರೆ 15 ದಿನಕ್ಕೆ 1,500 ರೂಪಾಯಿ. ಬಗೆಹರಿದ 5 ಕೆಲಸದ ದಿನದೊಳಗೆ ಅದು ಖಾತೆಗೆ ಬೀಳಬೇಕು. 21 ದಿನ ಮೀರಿಸಿದ್ದು ಬ್ಯಾಂಕ್ ಆದರೆ ಬ್ಯಾಂಕ್ ಕೊಡಬೇಕು. ಬ್ಯಾಂಕ್ ಸಮಯಕ್ಕೆ ಕಳಿಸಿಯೂ ಸಾಲ ಮಾಹಿತಿ ಕಂಪನಿ ಕೂತಿದ್ದರೆ ಅದು ಕೊಡಬೇಕು. ಪತ್ರದಲ್ಲಿ ಖಾತೆ ವಿವರ ಬರೆಯಿರಿ ಅಂದದ್ದು ಇದಕ್ಕೇ.

ಮೊತ್ತ ದೊಡ್ಡದಲ್ಲ, ಒಪ್ಪುತ್ತೇನೆ. ಆದರೆ ದಿನಕ್ಕೆ ನೂರು ಅಂತ ಮೀಟರ್ ಓಡುತ್ತಿದೆ ಅಂತ ಗೊತ್ತಾದರೆ ಕಡತ ಅಲುಗಾಡುತ್ತದೆ. ಸ್ಕೋರ್ ಯಾಕೆ ಕಡಿಮೆ ಕೊಟ್ಟಿರಿ, ಲೆಕ್ಕ ಹಾಕುವ ವಿಧಾನ ಸರಿ ಇಲ್ಲ ಅನ್ನುವ ದೂರುಗಳಿಗೆ ಈ ಪರಿಹಾರ ಇಲ್ಲ.

ಹಂತ 7: ಈ ನಡುವೆ ವಸೂಲಿಯವರ ಫೋನ್ ಬಂದರೆ

ಇಲ್ಲಿ ಜನ ಹೆದರಿ ತಪ್ಪು ಮಾಡುತ್ತಾರೆ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಸಮಯ. ಬಾಕಿ ಸಾಲದ ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಸ್ವಸಹಾಯ ಗುಂಪಿನ ಥರದ ಮೈಕ್ರೋ ಫೈನಾನ್ಸ್ ಸಾಲವಾದರೆ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಮಾತ್ರ. ಅದರ ವಸೂಲಿಯೂ ಮೊದಲೇ ಒಪ್ಪಿಕೊಂಡ ಜಾಗದಲ್ಲೇ ಆಗಬೇಕು. ಸತತ ಎರಡು ಸಲ ಅಥವಾ ಅದಕ್ಕಿಂತ ಜಾಸ್ತಿ ಸಲ ನೀವು ಅಲ್ಲಿಗೆ ಬರದಿದ್ದರೆ ಮಾತ್ರ ಮನೆ ಬಾಗಿಲಿಗೆ ಬರಬಹುದು. ಬೈಗುಳ, ಬೆದರಿಕೆ, ನೆಂಟರಿಗೆ, ಆಫೀಸಿನವರಿಗೆ ಫೋನ್ ಮಾಡಿ ಮಾನ ಕಳೆಯುವುದು, ಸುಳ್ಳು ಹೇಳುವುದು ಯಾವುದಕ್ಕೂ ಅವಕಾಶ ಇಲ್ಲ. ಏಜೆಂಟ್ ಹೊರಗಿನವನಾದರೂ ಅವನ ನಡತೆಗೆ ಬ್ಯಾಂಕೇ ಹೊಣೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ನಿಯಮ ಇದೆ. ನೀವು ಕೊಟ್ಟ ದೂರು ಇತ್ಯರ್ಥ ಆಗುವವರೆಗೆ ಬ್ಯಾಂಕ್ ಆ ಖಾತೆಯನ್ನು ವಸೂಲಿ ಏಜೆನ್ಸಿಗೆ ಒಪ್ಪಿಸಬಾರದು. ಸುಮ್ಮನೆ ಕಾಲ ತಳ್ಳಲು ದೂರು ಕೊಡುತ್ತಿದ್ದಾರೆ ಅಂತ ಬ್ಯಾಂಕಿನ ಬಳಿ ಆಧಾರ ಇದ್ದರೆ ಮಾತು ಬೇರೆ. ಹಾಗಾಗಿ ಫೋನ್ ಬಂದಾಗ ವಾದ ಮಾಡಬೇಡಿ. ಹೀಗೆ ಹೇಳಿ: "ಈ ಸಾಲದ ಬಗ್ಗೆ ಇಂಥ ತಾರೀಖು ಲಿಖಿತ ದೂರು ಕೊಟ್ಟಿದ್ದೀನಿ, ನಂಬರ್ ಇದು. ನಿಮ್ಮ ಹೆಸರು, ಏಜೆನ್ಸಿ ಹೆಸರು, ಬ್ಯಾಂಕ್ ಕೊಟ್ಟ ಅಧಿಕಾರ ಪತ್ರ ಇಮೇಲ್ ಮಾಡಿ." ಅಲ್ಲಿಗೆ ನಿಲ್ಲಿಸಿ. ಕರೆಯ ಸಮಯ, ನಂಬರ್ ಬರೆದಿಟ್ಟುಕೊಳ್ಳಿ.

‘ಈಗ ಒಂದು ಸಾವಿರ ಹಾಕಿಬಿಡಿ ಸಾರ್, ಮಿಕ್ಕಿದ್ದು ಆಮೇಲೆ ನೋಡೋಣ’ ಅಂತಾರೆ. ನಿಮ್ಮದಲ್ಲ ಅಂತ ನೀವು ಹೇಳುತ್ತಿರುವ ಸಾಲಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ. ಕಾರಣ ಕಾಲಮಿತಿ ಕಾಯ್ದೆ, 1963. ಅಡಮಾನ ಇಲ್ಲದ ಸಾಲಕ್ಕೆ ಸಾಲ ಕೊಟ್ಟವರು ಸಾಮಾನ್ಯವಾಗಿ 3 ವರ್ಷದೊಳಗೆ ಕೋರ್ಟಿಗೆ ಹೋಗಬೇಕು. ಆ ಅವಧಿ ಮುಗಿಯುವ ಮೊದಲು ನೀವು ಸ್ವಲ್ಪ ಹಣ ಕಟ್ಟಿದರೆ, ಅಥವಾ ‘ಸಾಲ ಇದೆ’ ಅಂತ ಬರೆದು ಸಹಿ ಹಾಕಿದರೆ, ಮೂರು ವರ್ಷದ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ. ಅವಧಿ ಮುಗಿದ ಮೇಲೂ ‘ಕೊಡುತ್ತೇನೆ’ ಅಂತ ಬರೆದುಕೊಟ್ಟರೆ ಅದೇ ಹೊಸ ಒಪ್ಪಂದ ಆಗಬಹುದು. ನಿಮ್ಮ ಸಹಿಗೆ ಅಷ್ಟು ಬೆಲೆ ಇದೆ. ಹಾಗಂತ ಮೂರು ವರ್ಷ ಆದ ಕೂಡಲೇ ರಿಪೋರ್ಟಿನಿಂದ ಸಾಲ ಮಾಯ ಆಗುವುದಿಲ್ಲ. ಕೋರ್ಟಿನ ಗಡುವು ಬೇರೆ, ರಿಪೋರ್ಟಿನ ಲೆಕ್ಕ ಬೇರೆ.

‘ಪೊಲೀಸರನ್ನ ಕಳಿಸ್ತೀವಿ’ ಅನ್ನೋದು ಮಾಮೂಲಿ ಬೆದರಿಕೆ. ಸಾಲ ಕಟ್ಟದಿರುವುದು ಸಿವಿಲ್ ವಿಷಯ. ಆದರೆ ನೀವು ಕೊಟ್ಟ ಚೆಕ್ ಬೌನ್ಸ್ ಆಗಿದ್ದರೆ ಅದು ಕ್ರಿಮಿನಲ್ ಕೇಸ್ ಆಗುತ್ತದೆ. ಆಟೋ ಡೆಬಿಟ್ ವಿಫಲವಾದರೂ ಅಂಥದೇ ಕಾನೂನು ಇದೆ. ವಕೀಲರ ನೋಟಿಸ್ ಬಂದರೆ ಹಣ ಕಟ್ಟಲು 15 ದಿನದ ಗಡುವು ಇರುತ್ತದೆ. ಲಕೋಟೆ ತೆಗೆದುಕೊಳ್ಳದೆ ವಾಪಸ್ ಕಳಿಸಿದರೆ ತಪ್ಪಿಸಿಕೊಂಡ ಹಾಗಲ್ಲ. ಕೂಡಲೇ ವಕೀಲರನ್ನು ನೋಡಿ.

ನಿಜವಾಗಿಯೂ ಬಾಕಿ ಇದ್ದು ರಾಜಿ ಮಾಡಿಕೊಳ್ಳುವುದಾದರೆ ಹಣ ಕಟ್ಟುವ ಮೊದಲೇ ಪತ್ರ ಪಡೆಯಿರಿ. ಎಷ್ಟು ಮೊತ್ತ, ಯಾವ ಖಾತೆಗೆ, ಕಟ್ಟಿದ ಮೇಲೆ ರಿಪೋರ್ಟಿನಲ್ಲಿ ಏನಂತ ಬರೆಯುತ್ತಾರೆ, ಈ ಮೂರೂ ಅದರಲ್ಲಿರಲಿ. ಏಜೆಂಟನ ಸ್ವಂತ ಯುಪಿಐಗೆ ಖಂಡಿತ ಹಾಕಬೇಡಿ. ನಿಮ್ಮ ಸಾಲವನ್ನು ಬ್ಯಾಂಕ್ ಬೇರೊಂದು ಕಂಪನಿಗೆ ಮಾರಿದೆ ಅಂತ ಹೇಳಿದರೆ, ವರ್ಗಾವಣೆಯ ಪತ್ರ ತೋರಿಸಿ ಅನ್ನಿ. ಮಾರಿದ ಬ್ಯಾಂಕಿಗೂ ಒಂದು ಇಮೇಲ್ ಹಾಕಿ ಖಚಿತ ಮಾಡಿಕೊಳ್ಳಿ.

ನೋಂದಣಿಯೇ ಇಲ್ಲದ ಲೇವಾದೇವಿಯವರ ಕಾಟವಾದರೆ ದಾರಿ ಬೇರೆ. ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯಲು ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯೂ ಆಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಅಲ್ಲಿ ದೂರು ಹೋಗಬೇಕಾದ್ದು ಪೊಲೀಸ್ ಠಾಣೆಗೆ.

ಹಂತ 8: ಮೂವತ್ತು ದಿನ ಆಯ್ತು, ಸುದ್ದಿಯೇ ಇಲ್ಲ

ಈಗ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್. ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿ ಇವರು. 2022ರ ಸೆಪ್ಟೆಂಬರ್‌ನಿಂದ ಸಾಲ ಮಾಹಿತಿ ಕಂಪನಿಗಳೂ ಇವರ ವ್ಯಾಪ್ತಿಗೆ ಬಂದಿವೆ. 30 ದಿನದೊಳಗೆ ಉತ್ತರ ಬರದಿದ್ದರೆ, ಬಂದ ಉತ್ತರ ಸಮಾಧಾನ ಆಗದಿದ್ದರೆ, ಅಥವಾ ನ್ಯಾಯವಾಗಿ ಸಿಗಬೇಕಾದ ದಿನಕ್ಕೆ 100 ರೂಪಾಯಿ ಕೊಡದಿದ್ದರೆ ಇಲ್ಲಿಗೆ ಹೋಗಬಹುದು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ರಿಸರ್ವ್ ಬ್ಯಾಂಕಿನ ‘ಸಿಎಂಎಸ್’ ಅನ್ನುವ ದೂರಿನ ವೆಬ್‌ಸೈಟಿನಲ್ಲಿ ದೂರು ಹಾಕಿ. ಗೊಂದಲ ಇದ್ದರೆ 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ.

ದೂರು ತಳ್ಳಿಹೋಗುವ ಮಾಮೂಲಿ ಕಾರಣ: ಮೊದಲು ಬ್ಯಾಂಕಿಗೆ ಬರೆದಿಲ್ಲ, ಅಥವಾ ಬರೆದದ್ದಕ್ಕೆ ಸಾಕ್ಷಿ ಇಲ್ಲ, ಅಥವಾ 30 ದಿನ ತುಂಬುವ ಮೊದಲೇ ಬಂದಿದ್ದಾರೆ. ಹಂತ 5ರ ಸೀಲು, ರಸೀದಿ, ದೂರಿನ ನಂಬರ್ ಇಲ್ಲಿ ಬೇಕಾಗುವುದು. ಕೋರ್ಟಿನಲ್ಲಿ ಅದೇ ವಿಷಯ ನಡೆಯುತ್ತಿದ್ದರೂ ತೆಗೆದುಕೊಳ್ಳುವುದಿಲ್ಲ. ಊರಿನ ಪತ್ತಿನ ಸಹಕಾರ ಸಂಘದ ಸಾಲವಾದರೆ ಅದು ರಿಸರ್ವ್ ಬ್ಯಾಂಕಿನ ಕೈಕೆಳಗೆ ಬರುವುದಿಲ್ಲ, ಸಹಕಾರ ಇಲಾಖೆಗೆ ಹೋಗಬೇಕು.

ಸಾಲ ಸಿಗದೆ ನಷ್ಟ ಆಗಿದೆ, ಅದಕ್ಕೂ ಪರಿಹಾರ ಬೇಕು ಅಂದರೆ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ತೆರೆದಿದೆ. ತೊಂದರೆ ಆದ 2 ವರ್ಷದೊಳಗೆ ಹೋಗಬೇಕು. ಸಲಹೆಗೆ ಗ್ರಾಹಕ ಸಹಾಯವಾಣಿ 1915.

ಹಂತ 9: ತಿದ್ದಿದೆ ಅಂದ ಮೇಲೆ

‘ಸರಿ ಮಾಡಿದ್ದೇವೆ’ ಅನ್ನುವ ಇಮೇಲ್ ನಂಬಿ ಮಾರನೇ ದಿನವೇ ಸಾಲಕ್ಕೆ ಅರ್ಜಿ ಹಾಕಬೇಡಿ. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು. ಮುಂದಿನ ಸಲ ಮಾಹಿತಿ ಕಳಿಸುವಾಗ ಹಳೇ ತಪ್ಪೇ ಮತ್ತೆ ಹೋಗಿ, ತಿದ್ದಿದ್ದು ಪುನಃ ಕೆಡುವುದುಂಟು. ಬ್ಯಾಂಕಿನ ಒಳಗಿನ ಲೆಕ್ಕದಲ್ಲಿ ಆ 590 ರೂಪಾಯಿ ಹಾಗೇ ಉಳಿದಿದ್ದರೆ ಹೀಗಾಗುತ್ತದೆ. ಅದಕ್ಕೇ ಬ್ಯಾಂಕಿನಿಂದ ಖಾತೆಯ ಹೊಸ ಸ್ಟೇಟ್‌ಮೆಂಟ್ ಕೇಳಿ, ಬಾಕಿ ಸೊನ್ನೆ ಇದೆಯಾ ನೋಡಿ.

ಒಂದು ತಿಂಗಳು ಬಿಟ್ಟು ನಾಲ್ಕೂ ಕಡೆ ಮತ್ತೆ ರಿಪೋರ್ಟ್ ನೋಡಿ. ಪುಕ್ಕಟೆ ರಿಪೋರ್ಟ್ ಮುಗಿದಿದ್ದರೆ, ತಿದ್ದಿದ ಪ್ರತಿ ಕಳಿಸಿ ಅಂತ ದೂರಿನ ನಂಬರ್ ಹಾಕಿ ಕೇಳಿ. ಸ್ಥಿತಿ, ಬಾಕಿ ಮೊತ್ತ, ಡಿಪಿಡಿ ಮೂರೂ ಬದಲಾಗಿರಬೇಕು. ಎಷ್ಟೋ ಸಲ ಸ್ಥಿತಿ ‘ಕ್ಲೋಸ್ಡ್’ ಅಂತ ಆಗಿರುತ್ತದೆ, ಹಿಂದಿನ ತಿಂಗಳುಗಳ 087, 117 ಮಾತ್ರ ಹಾಗೇ ಕೂತಿರುತ್ತವೆ. ಹಾಗಿದ್ದರೆ ಅದೇ ದೂರಿನ ನಂಬರ್ ಹಾಕಿ ಇನ್ನೊಂದು ಪತ್ರ ಬರೆಯಿರಿ, ಆ ಚೌಕಗಳ ತಿಂಗಳನ್ನು ಒಂದೊಂದಾಗಿ ಹೆಸರಿಸಿ.